ವಿಮಾನದ ಬಯಲಿನ ಕರಕಿ

ಆದೆಮ್ಮನ ಕಣ್ಣಿಗೆ ಕರಕಿ ಬಿತ್ತೆಂದರೆ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಿರಿ. ಮಸ್ಕಿ ಸೀಮೆಯಲ್ಲಿ ಗರಿಕೆ ಹುಲ್ಲಿಗೆ ಕರಕಿ ಎನ್ನುತ್ತಾರೆ. ಗಣಪತಿಯ ತಲೆಯ ಮೇಲೆ ಇಟ್ಟಾಗ ಅದು ದೇವರ ಹುಲ್ಲು, ಯಾರು ಅಲ್ಲವೆಂದರು? ಆದರೆ ಎರೆಹೊಲಕ್ಕೆ ಕಾಲಿಟ್ಟಿತೋ, ಅದರಂಥ ಪೀಡೆ ಇನ್ನೊಂದಿಲ್ಲ. ಬೇರು ಎದೆಮಟ್ಟ ಇಳಿಯುತ್ತದೆ. ಒಂದು ಗೆಣ್ಣು ಮಣ್ಣಲ್ಲಿ ಉಳಿದರೂ ಮುಂದಿನ ಮಳೆಗೆ ಹೊಲವೆಲ್ಲ ಮತ್ತೆ ಅದರದೇ. ಹುಲ್ಲು ಕೀಳುವುದೂ ಒಂದು ವಿದ್ಯೆಯೇ ಎಂದು ನಗುವವರು ಬೇಸಿಗೆಯಲ್ಲಿ ಒಮ್ಮೆ ಎರೆನೆಲಕ್ಕೆ ಹಾರೆ ಹಾಕಿ ನೋಡಲಿ, ಆಮೇಲೆ ಮಾತಾಡೋಣ.

ಆದೆಮ್ಮ ಹುಟ್ಟಿದ್ದು ಪಾಮನಕಲ್ಲೂರಲ್ಲಿ. ತಂದೆ ಕನಕರಾಯ ಕರಕಿ ಕಡಿಯುವ ಗುಂಪಿನ ಹಿರಿಯ. ಗಂಡಸರು ಸಾಲಾಗಿ ನಿಂತು ಹಾರೆಯಿಂದ ಮಣ್ಣಿನ ಹೆಂಟೆ ಎಬ್ಬಿಸುತ್ತಿದ್ದರು. ಹೆಂಗಸರು, ಮಕ್ಕಳು ಹಿಂದೆ ಕುಳಿತು ಆ ಹೆಂಟೆ ಒಡೆದು ಬೇರು ಆರಿಸುತ್ತಿದ್ದರು. ಎಂಟು ವರ್ಷದ ಆದೆಮ್ಮ ಆರಿಸಿದ ಹೆಂಟೆಯನ್ನು ಇನ್ನೊಬ್ಬರು ಮುಟ್ಟಿ ನೋಡುವ ಅಗತ್ಯವೇ ಇರುತ್ತಿರಲಿಲ್ಲ. ಆ ಗುಂಪಿನದು ಒಂದು ಕಟ್ಟಳೆಯಿತ್ತು. ತಾವು ಕಡಿದ ಹೊಲದಲ್ಲಿ ಮಳೆ ಬಿದ್ದ ಮೇಲೆ ಕರಕಿ ತಲೆ ಎತ್ತಿದರೆ, ಹೊಲದವರು ಬಂದು ಕೇಳುವ ತನಕ ಕಾಯುವಂತಿಲ್ಲ. ಕನಕರಾಯ ತಾನೇ ಅವರ ಬಾಗಿಲಿಗೆ ಹೋಗಿ, "ನಮ್ಮ ಕೈಲೆ ತಪ್ಪಾಗೈತ್ರಿ" ಎಂದು ಹೇಳಿ, ಕೂಲಿ ಮುಟ್ಟದೆ ಮತ್ತೆ ಕಡಿದುಕೊಟ್ಟು ಬರುತ್ತಿದ್ದ.

ಮದುವೆಯಾಗಿ ಮಸ್ಕಿಗೆ ಬಂದಳು. ಗಂಡ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲ, ವಾರಕ್ಕೊಮ್ಮೆ ಮನೆಗೆ. ಆದೆಮ್ಮ ಸುಮ್ಮನೆ ಕೂಡುವ ಜೀವವೇ? ಹತ್ತು ಹೆಂಗಸರನ್ನು ಕಟ್ಟಿಕೊಂಡು ತನ್ನದೇ ಗುಂಪು ಮಾಡಿದಳು. ದೂರದ ಮುಕ್ಕುಂದದ ಗದ್ದೆಯವರು ಕೂಡ ಕಳೆ ಕೀಳಲು ಇವಳ ಗುಂಪಿಗೇ ಹೇಳಿಕಳಿಸುತ್ತಿದ್ದರು. ಕರಕಿ ಆದೆಮ್ಮ ಎಂದೇ ಹೆಸರಾಯಿತು. ಆ ಹೆಸರು ಕೇಳಿದಾಗ ಅವಳು ಸೆರಗು ಸರಿಮಾಡಿಕೊಂಡು, ಏನೂ ಕೇಳಿಸದವಳಂತೆ ನಿಲ್ಲುತ್ತಿದ್ದಳು. ಜಂಬ ಇತ್ತು, ಸುಳ್ಳೇಕೆ ಹೇಳಲಿ. ಕೆಲಸದ ಮಾತಿಗೆ ಬಂದರೆ ಇನ್ನೊಬ್ಬರ ಬಾಯಿ ಮುಚ್ಚಿಸುವ ಚಾಳಿಯೂ ಇತ್ತು.

ಮಸ್ಕಿಯ ಹೊರಗೆ, ಲಿಂಗಸುಗೂರು ದಾರಿಯಲ್ಲಿ, ಅವರೆಲ್ಲ ವಿಮಾನದ ಬಯಲು ಎನ್ನುವ ಜಾಗ. ಹತ್ತಿಗೆ ಹುಳ ಕೊಲ್ಲುವ ಎಣ್ಣೆ ಹೊಡೆಯುವ ಸಣ್ಣ ವಿಮಾನಗಳಿಗೆ ಮಾಡಿದ್ದೆಂದು ಕೆಲವರು, ಅಲ್ಲ, ಅದಕ್ಕೂ ಮೊದಲೇ ನಿಜಾಮನ ಸಾಹೇಬರು ಅಲ್ಲಿ ಇಳಿಯುತ್ತಿದ್ದರೆಂದು ಇನ್ನು ಕೆಲವರು. ಯಾರು ಇಳಿದರೋ ಬಿಟ್ಟರೋ, ಆದೆಮ್ಮ ಕಂಡಂತೆ ಅಲ್ಲಿ ಇಳಿದದ್ದು ಭತ್ತದ ಚೀಲ ಮಾತ್ರ. ಉದ್ದನೆಯ ಡಾಂಬರಿನ ಮೇಲೆ ಸುಗ್ಗಿಯಲ್ಲಿ ಭತ್ತ, ಮೆಣಸಿನಕಾಯಿ ಒಣಹಾಕುತ್ತಿದ್ದರು. ಉಳಿದ ದಿನ ಹುಡುಗರು ಮೋಟರ್ ಸೈಕಲ್ ಕಲಿಯುತ್ತಿದ್ದರು. ಸುತ್ತಲಿನ ಹುಲ್ಲುಗಾವಲಲ್ಲಿ ಮಾಬುಬೀಯ ಆಡು ಮೇಯುತ್ತಿದ್ದವು.

ಈ ಮಾಬುಬೀಯ ಮನೆ ಬಯಲಿನ ಹಳೆ ಗೋಡೆಗೇ ಅಂಟಿಕೊಂಡದ್ದು. ಗೋಡೆ ಒಂದು ಕಡೆ ಬಿದ್ದು ಕಂಡಿಯಾಗಿತ್ತು. ಅಲ್ಲಿಂದ ಅವಳ ಐದು ಆಡು ದಿನಾ ಸಂಜೆ ಒಳಗೆ ಹೋಗಿ ಬರುತ್ತಿದ್ದವು. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆದೆಮ್ಮನ ಮಗಳು ಅಮರೇಶ್ವರಿ ಎರಡು ತಿಂಗಳ ಕೂಸಾಗಿದ್ದಾಗ ಆದೆಮ್ಮನಿಗೆ ಜ್ವರ ಹಿಡಿದು ಎದೆಹಾಲು ಬತ್ತಿಹೋಯಿತು. ಆಗ ಮಾಬುಬೀ ಎಂಟು ತಿಂಗಳು, ಒಂದು ದಿನ ತಪ್ಪದೆ, ಆಡಿನ ಹಾಲು ಕಾಯಿಸಿ ತಂದು ತಾನೇ ಕೂಸಿಗೆ ಕುಡಿಸಿದಳು. ಆದೆಮ್ಮ ಅವಳಿಗೆ ಅಕ್ಕಾ ಎನ್ನುತ್ತಿದ್ದಳು. ಅಮರೇಶ್ವರಿಗೆ ಅವಳು ದೊಡ್ಡವ್ವ.

ಅಂಥ ಬಯಲನ್ನು ಊರಿಗೆಲ್ಲ ದೊಡ್ಡ ಉದ್ಯಾನ ಮಾಡುತ್ತಾರೆಂದು ಸುದ್ದಿ ಬಂದಾಗ ಮೊದಲು ಯಾರೂ ನಂಬಲಿಲ್ಲ. ಆಮೇಲೆ ಜೆಸಿಬಿ ಬಂತು, ಬೇವು ಹೊಂಗೆಯ ಸಸಿ ಬಂದವು. ಡಾಂಬರನ್ನು ಹಾಗೇ ಬಿಟ್ಟು ನಡೆದಾಡುವ ಹಾದಿ ಮಾಡಿದರು, ಪಕ್ಕಕ್ಕೆ ಕಲ್ಲಿನ ಬೆಂಚು ಹಾಕಿದರು. ವಿಮಾನದವರು ಕೂಡುತ್ತಿದ್ದ ಹಾಳುಕೋಣೆಗೆ ಸುಣ್ಣ ಬಳಿದು ಓದುವ ಕೋಣೆ ಎಂದು ಬೋರ್ಡು ಹಾಕಿದರು. ಗುತ್ತಿಗೆದಾರನ ಕಡೆಯಿಂದ ಕೆಲಸ ನೋಡಿಕೊಳ್ಳಲು ಸಿದ್ದಲಿಂಗೇಶ ಎಂಬ ಹುಡುಗ ಬಂದ. ಲಿಂಗಸುಗೂರಿನ ಬಟ್ಟೆ ಅಂಗಡಿಯವರ ಮಗ, ಡಿಪ್ಲೊಮಾ ಓದಿದವ, ಹೊಲದ ಬದು ತುಳಿದವನಲ್ಲ. ಕೆಟ್ಟವನಲ್ಲ, ಆದರೆ ಎರಡು ಫೋನು ಹಿಡಿದುಕೊಂಡು ಸದಾ ಓಡುತ್ತಿದ್ದ. ಆದೆಮ್ಮನ ಗುಂಪಿಗೆ ಕಸ ತೆಗೆಯುವ ಕೆಲಸ ಕೊಟ್ಟ. ಕೆಲಸ ಚೊಕ್ಕ ಇದ್ದರೆ ಉದ್ಯಾನ ಶುರುವಾದ ಮೇಲೆ ಆರು ಹೆಂಗಸರನ್ನು ಕಾಯಂ ಮಾಲಿಗಳನ್ನಾಗಿ ಇಟ್ಟುಕೊಳ್ಳುತ್ತೇವೆ ಎಂದೂ ಹೇಳಿದ.

ಕಾಯಂ! ಬಿಸಿಲಲ್ಲಿ ಸೊಂಟ ಬಗ್ಗಿಸಿ ಜೀವ ಸವೆಸಿದ ಹೆಂಗಸರಿಗೆ ಆ ಮಾತು ಸಾಮಾನ್ಯವೇ? ಅವತ್ತು ಸಂಜೆ ಹತ್ತೂ ಮಂದಿ ಬೆಂಚಿನ ಮೇಲೆ ಒಬ್ಬರ ಪಕ್ಕ ಒಬ್ಬರು ಕುಳಿತು, ಯಾರು ಆ ಆರು ಮಂದಿ ಎಂದು ಜಗಳವಾಡಿ, ನಕ್ಕು, ಮನೆಗೆ ಹೋದರು.

ಶ್ರಾವಣದ ಸೋಮವಾರ ಉದ್ಘಾಟನೆ ಎಂದು ಗೊತ್ತಾಯಿತು. ಅದಕ್ಕೆ ಮುಂಚಿನ ಗುರುವಾರ ಸಿದ್ದಲಿಂಗೇಶ ಬೆಳಿಗ್ಗೆಯೇ ಬಂದು, "ಯಮ್ಮಾ, ಇವತ್ತು ಸಂಜಿ ಒಳಗ ಒಂದು ಕಸ ಕಾಣಬಾರದು ನೋಡ್ರಿ" ಎಂದು ಹೇಳಿ, ಸಾಮಾನು ತರಲು ಸಿಂಧನೂರಿಗೆ ಹೋದ. ಬುಧವಾರ ಹೊರಗಿನ ಆಳುಗಳು ಬಂದು ಓದುವ ಕೋಣೆಯ ಮುಂದೆ ಅರ್ಧ ಎಕರೆ ಜಾಗದಲ್ಲಿ ಏನೋ ಮಾಡಿ ಹೋಗಿದ್ದರು. ಏನೆಂದು ಅವನು ಹೇಳಲಿಲ್ಲ, ಇವರೂ ಕೇಳಲಿಲ್ಲ. ಅವತ್ತು ಇವರ ಗುಂಪು ಗೇಟಿನ ಕಡೆ ಇತ್ತು.

ಮಧ್ಯಾಹ್ನ ಆದೆಮ್ಮ ಆ ಅರ್ಧ ಎಕರೆಗೆ ಬಂದಳು. ನೋಡಿದರೆ, ಹದವಾದ ಮಣ್ಣಿನಲ್ಲಿ ಗೇಣಿಗೊಂದರಂತೆ ಕರಕಿ! ಎಳೆಯದು, ಹಸಿರಾಗಿ, ಇನ್ನೇನು ಬೇರು ಬಿಡಬೇಕು. ಅವಳ ಮೈ ಉರಿಯಿತು.

ಗುಂಪಿನ ಶಿವಬಸಮ್ಮ ಮಾತ್ರ ಕಳೆ ಕೀಳುವ ಕುರ್ಪಿ ಕೆಳಗಿಟ್ಟು ನಿಂತಳು. "ಸಾಲು ಹಿಡದು ಐತೆಲ್ಲ ಬೇ. ಯಾರರ ಹಚ್ಯಾರೋ ಏನೋ?"

"ಕರಕಿ ಯಾರರ ಹಚ್ತಾರೇನ?" ಎಂದು ಆದೆಮ್ಮ ಗಹಗಹಿಸಿದಳು. "ತಲಿ ನೆಟ್ಟಗಿದ್ದವ್ರು ಹಚ್ತಾರೇನ ಹೇಳು. ಲಾರಿ ಮಣ್ಣಿನ ಜೋಡಿ ಬಂದೈತಿ. ನಾ ಹುಟ್ಟಿದಾಗಿಂದ ಇದರ ಮುಖ ನೋಡೀನಿ, ನನಗ ಹೇಳಾಕ ಬರ್ತಿಯಲ್ಲ! ಹಿಡಿ ಕುರ್ಪಿ."

ಹೂಂ, ಯಾರು ಎದುರು ಮಾತಾಡುತ್ತಾರೆ? ಹತ್ತು ಜನ ಕುಳಿತರು. ಸಂಜೆ ನಾಲ್ಕಕ್ಕೆ ಆ ಅರ್ಧ ಎಕರೆಯಲ್ಲಿ ಒಂದು ಎಳೆ ಉಳಿದಿರಲಿಲ್ಲ. ಕಿತ್ತದ್ದನ್ನು ಟ್ರ್ಯಾಕ್ಟರು ಎರಡು ಸಲ ಒಯ್ದಿತು, ಕೊನೆಯ ಒಂದು ಗುಡ್ಡೆ ಮಾತ್ರ ಉಳಿಯಿತು. ಆದೆಮ್ಮ ಸೊಂಟದ ಮೇಲೆ ಕೈಯಿಟ್ಟು ಆ ಬೋಳು ನೆಲವನ್ನು ನೋಡಿ, ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ ಎಂದುಕೊಂಡಳು. ಆಮೇಲೆ ಎಲ್ಲರೂ ಕೈಕಾಲು ತೊಳೆಯಲು ನಳದ ಕಡೆ ಹೋದರು.

ಅಷ್ಟರಲ್ಲಿ ಮಾಬುಬೀಯ ಆಡು ದಿನದಂತೆ ಕಂಡಿಯಿಂದ ಬಂದವು. ಹಸಿ ಹುಲ್ಲಿನ ಗುಡ್ಡೆ ಕಂಡರೆ ಆಡು ಬಿಡುತ್ತವೆಯೇ? ಗುಡ್ಡೆ ಮುಗಿಸಿ, ಅಲ್ಲಿ ಇಲ್ಲಿ ಬಿದ್ದ ಎಳೆ ಹುಡುಕುತ್ತ ಬೋಳು ನೆಲದ ನಡುವೆ ಹೋಗಿ ನಿಂತವು. ಗೇಟಿನಿಂದ ಆಗಷ್ಟೇ ಈ ಕಡೆ ಬಂದ ವಾಚ್‌ಮನ್ ನೋಡಿದ. ಬಾಯಲ್ಲಿ ಹುಲ್ಲು ಹಿಡಿದ ಆಡಿನ ಫೋಟೋ ತೆಗೆದು ಸಿದ್ದಲಿಂಗೇಶನಿಗೆ ಕಳಿಸಿದ. ದಾರಿಯಲ್ಲೇ ಇದ್ದ ಅವನು ಹತ್ತು ನಿಮಿಷದಲ್ಲಿ ಬಂದಿಳಿದು ತಲೆಯ ಮೇಲೆ ಕೈಹೊತ್ತು ನಿಂತ.

"ಲಾನ್ ಹೋತು! ಹೈದರಾಬಾದಿಂದ ತರಿಸಿದ ಲಾನ್! ಸೋಮವಾರ ಇದರ ಮುಂದ ನಿಂತು ರಿಬ್ಬನ್ ಕತ್ತರಿಸಬೇಕು, ಗೊತ್ತೇನ್ರಿ ನಿಮಗ?"

ನಳದ ಹತ್ತಿರ ನಿಂತಿದ್ದ ಆದೆಮ್ಮನಿಗೆ ಆಗ ಅರ್ಥವಾಯಿತು. ದುಡ್ಡು ಕೊಟ್ಟು ಕರಕಿ ತಂದಿದ್ದಾರೆ. ಲಾರಿಯಲ್ಲಿ. ಅದನ್ನು ಸಾಲು ಹಿಡಿದು ನೆಟ್ಟಿದ್ದಾರೆ. ಪಾಮನಕಲ್ಲೂರಿನ ಯಾವ ಹಿರಿಯನ ತಲೆಗೂ ಹೊಳೆಯದ ಮಾತು, ಅವಳ ತಲೆಗೆ ಹೇಗೆ ಹೊಳೆದೀತು? ಶಿವಬಸಮ್ಮ ಅವಳ ರಟ್ಟೆ ಚಿವುಟಿ, "ಬಾಯಿ ಬಿಡಬ್ಯಾಡ" ಎಂದಳು.

ಮಾಬುಬೀ ಆಡುಗಳ ಹಿಂದೆ ಓಡಿಬಂದಿದ್ದಳು. ಸಿದ್ದಲಿಂಗೇಶ ಅವಳ ಮೇಲೆ ಹರಿಹಾಯ್ದ. ಅವಳು ಮುದುರಿಕೊಳ್ಳಲಿಲ್ಲ. ಬಗ್ಗಿ ಮಣ್ಣು ಮುಟ್ಟಿ ನೋಡಿ, "ಆಡು ಹುಲ್ಲು ತಿಂತಾವ್ರಿ ಸಾಹೇಬ್ರ, ಬೇರು ಕೀಳಾಂಗಿಲ್ಲ" ಎಂದಳು. ಆಮೇಲೆ ಆದೆಮ್ಮನ ಕಡೆ ತಿರುಗಿದಳು. "ನೀನರ ಹೇಳ ಬೇ ಆದೆಮ್ಮ. ನಿನಗ ಗೊತ್ತಿಲ್ಲೇನು?"

ಗೊರಸು ಕೆದರಿದ ಮಣ್ಣಿಗೂ ಕುರ್ಪಿ ಕೆದರಿದ ಮಣ್ಣಿಗೂ ವ್ಯತ್ಯಾಸ ತಿಳಿಯುವ ಕಣ್ಣು ಸಿದ್ದಲಿಂಗೇಶನಿಗೆ ಇರಲಿಲ್ಲ. ಅವನೂ ಆದೆಮ್ಮನನ್ನೇ ಕೇಳಿದ. "ಹೇಳ್ರಿ ಯಮ್ಮಾ. ನೀವು ಕೆಲಸ ಮುಗಿಸಿ ನಳದ ಕಡಿ ಹೋದಾಗ ಇಲ್ಲಿ ಹುಲ್ಲು ಇತ್ತೋ ಇಲ್ಲೋ?"

ಹತ್ತು ಹೆಂಗಸರು ಅವಳ ಹಿಂದೆ ನಿಂತಿದ್ದರು. ಕಾಯಂ ಕೆಲಸ, ಕರಕಿ ಆದೆಮ್ಮ ಎಂಬ ಹೆಸರು, ಎರಡೂ ಅವಳ ಕಣ್ಣ ಮುಂದೆ ಬಂದವು. ಮಾಬುಬೀ ಅವಳ ಮುಖವನ್ನೇ ನೋಡುತ್ತಿದ್ದಳು.

"ಇತ್ತ್ರಿ" ಎಂದಳು ಆದೆಮ್ಮ.

ಕೆಲಸದ ಆಳುಗಳು ಆಡುಗಳನ್ನು ಪುರಸಭೆಯ ದೊಡ್ಡಿಗೆ ಹೊಡೆದುಕೊಂಡು ಹೋದರು. ಮರುದಿನ ಮಾಬುಬೀ ಒಂದು ಆಡು ಮಾರಿ ದಂಡ ಕಟ್ಟಿ ಉಳಿದ ನಾಲ್ಕನ್ನು ಬಿಡಿಸಿಕೊಂಡಳು. ಶನಿವಾರ ಗೋಡೆಯ ಕಂಡಿಗೆ ಕಲ್ಲು ಕಟ್ಟಿ ಸಿಮೆಂಟು ಬಳಿದರು. ಭಾನುವಾರ ಚಾಪೆಯ ಹಾಗೆ ಸುತ್ತಿದ ಹುಲ್ಲು ಲಾರಿಯಲ್ಲಿ ಬಂತು, ಹಾಸಿದರು, ಸೋಮವಾರ ರಿಬ್ಬನ್ ಕತ್ತರಿಸಿದರು. ಮಸ್ಕಿಯ ಮಂದಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಆ ಉದ್ದ ಹಾದಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರು. ಎಷ್ಟೋ ಹೆಂಗಸರು ಊರಲ್ಲಿ ಕೂಡಲು ತಮಗೂ ಒಂದು ಜಾಗವಾಯಿತೆಂದು ಖುಷಿಪಟ್ಟರು. ಚಂದವಾಗಿತ್ತು, ಇಲ್ಲವೆನ್ನಬಾರದು.

ಆದೆಮ್ಮನಿಗೆ ಕಾಯಂ ಮಾಲಿಯ ಹಸಿರು ಕೋಟು ಕೊಟ್ಟರು. ಅವಳ ಕೆಲಸ ಏನು ಗೊತ್ತೇ? ಕರಕಿಗೆ ನೀರು ಬಿಡುವುದು. ಅದನ್ನು ಯಾರೂ ತುಳಿಯದಂತೆ ಕಾಯುವುದು. ಅದಕ್ಕೆಂದು ಕೊಟ್ಟ ಸೀಟಿಯನ್ನು ಊದದೆ ಕೋಟಿನ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದಳು. ಮಾಬುಬೀಯ ಮನೆ ಮುಂದೆ ಹಾಯಬಾರದೆಂದು ಅವಳು ಸುತ್ತು ಹಾಕಿ, ಬಸ್ ನಿಲ್ದಾಣದ ದಾರಿ ಹಿಡಿದು ಕೆಲಸಕ್ಕೆ ಬರತೊಡಗಿದಳು. ಒಮ್ಮೆ ಸಂತೆಯಲ್ಲಿ ಮಾಬುಬೀಯ ಬೆನ್ನು ಕಂಡಿತು. ಆದೆಮ್ಮ ಕೊಳ್ಳುತ್ತಿದ್ದ ಬದನೆಕಾಯಿ ಅಲ್ಲೇ ಬಿಟ್ಟು ಕಳ್ಳಿಯ ಹಾಗೆ ಬಂದುಬಿಟ್ಟಳು. ನಲವತ್ತೆಂಟು ವರ್ಷದ ಹೆಂಗಸು, ಬದನೆಕಾಯಿ ಬಿಟ್ಟು ಓಡುವುದೆಂದರೆ!

ಆ ರಾದ್ಧಾಂತ ಅಲ್ಲಿಗೇ ನಿಂತಿದ್ದರೆ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ನಿಲ್ಲಲಿಲ್ಲ. ಆಡಿನ ಫೋಟೋ ಊರಿನ ಫೋನುಗಳಲ್ಲಿ ಸುತ್ತತೊಡಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಮರೇಶ್ವರಿ ಫೋನು ನೋಡುತ್ತ ತಟ್ಟೆ ಸರಿಸಿದಳು. ಡಿಗ್ರಿ ಓದುವ ಹುಡುಗಿ, ಮಾತು ಕಡಿಮೆ.

"ಏನ್ ಬರದಾರಬೇ ಅದರಾಗ?" ಎಂದಳು ಆದೆಮ್ಮ.

"ಆಡಿನ ಬಗ್ಗೆ ಅಲ್ಲವ್ವಾ. ದೊಡ್ಡವ್ವನ ಬಗ್ಗೆ, ಆಕಿ ಮಂದಿ ಬಗ್ಗೆ ಬರದಾರ. ಬೇಕಂತಲೇ ಬಿಟ್ಟಾರ, ಇಂಥವ್ರನ್ನ ಊರಾಗ ಇಟ್ಕೊಂಡಿದ್ದ ತಪ್ಪು ಅಂತ. ಓದಾಕ ಆಗವಲ್ದು ನನಗ."

ಆದೆಮ್ಮನ ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತು. ತಾನು ಆಡಿದ್ದು ಒಂದೇ ಒಂದು ಮಾತು. ಅದಕ್ಕೆ ಯಾರ್ಯಾರೋ ಏನೇನೋ ಸೇರಿಸಿ ಆ ಬಡವಿಯ ಬಾಗಿಲಿಗೆ ತಂದು ಸುರಿದಿದ್ದರು. ಹುಲ್ಲು ಕಿತ್ತವರು ಯಾರೆಂದು ಮಗಳಿಗೆ ಹೇಳಿದಳು.

ಅಮರೇಶ್ವರಿ ಫೋನು ಕೆಳಗಿಟ್ಟು, "ಆಕಿ ಹಾಲು ಕುಡದು ಬೆಳದೀನಿ ಅಂತ ನೀನ ಹೇಳ್ತಿದ್ದಿ" ಎಂದಳು. ಬೈದಿದ್ದರೆ ಆದೆಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಪ್ಪ ಇದ್ದಿದ್ದರೆ ಈ ಹೊತ್ತಿಗೆ ಹತ್ತು ಸಲ ಹೊಲದವರ ಬಾಗಿಲಿಗೆ ಹೋಗಿ ನಿಂತಿರುತ್ತಿದ್ದ. ಇವಳು ಯಾರ ಬಾಗಿಲಿಗೆ ಹೋಗಬೇಕು? ಮಾಬುಬೀಯ ಎದುರು ನಿಲ್ಲುವ ಧೈರ್ಯವೇ ಇರಲಿಲ್ಲ. ಊರಿಗೆ ಹೇಳುವುದು ಅದಕ್ಕಿಂತ ಸುಲಭ ಅನಿಸಿತು. ಮಗಳಿಗೆ ಫೋನು ಹಿಡಿಯಲು ಹೇಳಿ, ಹಸಿರು ಕೋಟಿನಲ್ಲೇ ಅಂಗಳದಲ್ಲಿ ನಿಂತು ಮಾತಾಡಿದಳು. "ನಾ ಕರಕಿ ಆದೆಮ್ಮ. ಬಯಲಾಗಿನ ಹುಲ್ಲು ಕಿತ್ತಾಕಿ ನಾನು. ಬ್ಯಾರೆ ಹೆಂಗಸರು ನಾ ಹೇಳಿದಂಗ ಕೇಳ್ಯಾರ, ಅವರ ತಪ್ಪಿಲ್ಲ. ಕರಕಿನ ದುಡ್ಡು ಕೊಟ್ಟು ತರ್ತಾರ ಅಂತ ನನಗ ತಿಳೀಲಿಲ್ರೀ. ಆಡಿನ ತಪ್ಪೇನಿಲ್ಲ." ಅಮರೇಶ್ವರಿ ಅದನ್ನು ಆ ಫೋಟೋ ಬಂದ ಕಡೆಗೇ ಕಳಿಸಿದಳು.

ಊರು ಬಿದ್ದು ಬಿದ್ದು ನಕ್ಕಿತು. ನಗದೆ ಏನು ಮಾಡೀತು? ಕರಕಿ ಆದೆಮ್ಮ ಲಾನು ಕಿತ್ತಳಂತೆ ಎಂದು ಚಹಾದಂಗಡಿಯಲ್ಲಿ ಅದೇ ಮಾತು. "ಪಾಪ, ಹಳ್ಳಿ ಹೆಂಗಸು, ಆಕಿಗೇನು ಗೊತ್ತು" ಎಂದು ಮರುಗಿದವರೂ ಇದ್ದರು. ಸಿದ್ದಲಿಂಗೇಶ ಫೋನು ಮಾಡಿ ಕೂಗಾಡಿ, ಕೋಟು ತಂದು ಕೊಡು ಎಂದ. ಶಿವಬಸಮ್ಮ ದಾರಿಯಲ್ಲಿ ಸಿಕ್ಕು, "ನಿನ್ನ ಬಾಯಿಗಿಷ್ಟು ಮಣ್ಣು ಹಾಕ" ಎಂದು ಬೈದಳು. ಆದೆಮ್ಮ ಎಲ್ಲವನ್ನೂ ತಲೆತಗ್ಗಿಸಿ ಕೇಳಿಸಿಕೊಂಡಳು. ಕೆಲಸ ಹೋಯಿತು, ಹೆಸರೂ ಹೋಯಿತು, ಆದರೂ ಎದೆ ಸ್ವಲ್ಪ ಹಗುರಾಯಿತು. ಈಗ ಮಾಬುಬೀಯ ಮುಖ ನೋಡಬಹುದು ಎನಿಸಿತು.

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋದಳು. ಮಾಬುಬೀ ಕಟ್ಟಿದ್ದ ನಾಲ್ಕು ಆಡಿಗೆ ಸುಬಾಬುಲ್ ಸೊಪ್ಪು ಹಾಕುತ್ತಿದ್ದಳು. ಮೇಯಲು ಜಾಗವಿಲ್ಲದ ಮೇಲೆ ದಿನಾ ಕಾಲುವೆಯ ತನಕ ನಡೆದು ತರಬೇಕಾಗಿತ್ತು. ಅಮರೇಶ್ವರಿ ಬಾಗಿಲಲ್ಲೇ ನಿಂತಳು.

"ಹೇಳೀನಕ್ಕಾ" ಎಂದಳು ಆದೆಮ್ಮ, ಏದುಸಿರು ಬಿಡುತ್ತ. "ಊರಿಗೆಲ್ಲ ಹೇಳೀನಿ, ಕಿತ್ತಾಕಿ ನಾನ ಅಂತ."

"ನೋಡೀನಿ. ಬಾಜೂಮನಿ ರಹೀಮಾಬೀ ತೋರಿಸಿದ್ಲು." ಮಾಬುಬೀ ಸೊಪ್ಪಿನ ಕಟ್ಟು ಬಿಚ್ಚುತ್ತಲೇ ಇದ್ದಳು. "ಕುಂದ್ರು."

ಆದೆಮ್ಮ ಕುಳಿತಳು. ಬೈಯುತ್ತಾಳೆಂದು ಕಾದಳು. ಮಾಬುಬೀ ಬೈಯಲಿಲ್ಲ.

"ಹುಲ್ಲು ಕಿತ್ತಿದ್ದಕ್ಕ ನನಗ ಸಿಟ್ಟಿಲ್ಲ ಬೇ. ಮಣ್ಣು ಮುಟ್ಟಿದ ಕೂಡ್ಲೇ ಗೊತ್ತಾತು, ಇದು ನಿನ್ನ ಕೈ ಅಂತ. ಅದಕ್ಕ ನಿನ್ನ ಕೇಳಿದೆ. ನಾ ಹೇಳಿದ್ರ ಅವ ನಂಬ್ತಿದ್ದಿಲ್ಲ, ನೀ ಹೇಳಿದ್ರ ನಂಬ್ತಿದ್ದ. ಅದು ನಿನಗೂ ಗೊತ್ತಿತ್ತು. ಗೊತ್ತಿದ್ದು ನನ್ನ ಮುಖ ನೋಡಿ ಇತ್ತ್ರಿ ಅಂದಿ." ಕೈಯ ಧೂಳು ಕೊಡವಿ ಅವಳು ಮೊದಲ ಸಲ ಆದೆಮ್ಮನ ಕಣ್ಣಿಗೆ ಕಣ್ಣು ಕೊಟ್ಟಳು. "ಅದನ್ನ ಎಲ್ಲಿ ಹೇಳೀದಿ ನೀ, ಆ ಫೋನಿನ್ಯಾಗ?"

ಹೌದಲ್ಲ, ಅದನ್ನು ಹೇಳಿರಲೇ ಇಲ್ಲ. ತಿಳಿಯದೆ ಮಾಡಿದವಳೆಂದು ಊರು ನಕ್ಕು ಬಿಟ್ಟಿತ್ತು, ಅವಳೂ ಆ ನಗೆಯ ಹಿಂದೆ ಅಡಗಿ ಕುಳಿತು ಎದೆ ಹಗುರಾಯಿತೆಂದು ತಿಳಿದಿದ್ದಳು. ತಿಳಿದೂ ತಿಳಿದೂ ಮಾಡಿದ್ದು ಹಾಗೇ ಒಳಗೆ ಉಳಿದಿತ್ತು. ಕೆಲಸ ಕಳೆದುಕೊಂಡಾಗ ಬಾರದ ಅಳು ಈಗ ಬಂತು. ಅತ್ತರೆ ಮಾಬುಬೀಯೇ ಸಮಾಧಾನ ಮಾಡಬೇಕಾಗುತ್ತದೆ ಎಂದು ಅದನ್ನೂ ನುಂಗಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು.

"ಅಮರೇಶಿ, ಹಿಡಿ ಫೋನು" ಎಂದಳು.

ಮಾಬುಬೀ ಬೇಡ ಎನ್ನಲಿಲ್ಲ. ಆಡುಗಳ ಪಕ್ಕದಲ್ಲಿ ನಿಂತು, ಅವತ್ತು ನೋಡಿದ ಹಾಗೆಯೇ ಅವಳ ಮುಖ ನೋಡುತ್ತಿದ್ದಳು. ಆದೆಮ್ಮ ಫೋನಿನ ಕಡೆ ನೋಡಲಿಲ್ಲ, ಅವಳನ್ನೇ ನೋಡಿ ಹೇಳಿದಳು.

"ಹುಲ್ಲು ನಾ ತಿಳೀಲಾರದ ಕಿತ್ತೆ. ಸುಳ್ಳು ತಿಳದು ಹೇಳೀನಿ. ಆಗ ಈಕಿ ನನ್ನ ಎದುರಿಗೇ ನಿಂತಿದ್ಲು."